ಕೋವಿ ಅಂಗಡಿ ಮುಚ್ಚಿದರೆ ನಾವು ಅಳಬೇಕೆ?

ನಮ್ಮ ಕಡೆಯ ಪೇಟೆಯೊಂದರಲ್ಲಿ ಒಂದು ಕೋವಿ ಅಂಗಡಿ ಬಾಗಿಲು ಹಾಕುವುದರಲ್ಲಿದೆ. ಅದು ಕಡೂರೋ, ತರೀಕೆರೆಯೋ, ಅಜ್ಜಂಪುರವೋ ಎಂದು ಹೇಳುವುದು ಬೇಡ. ಅಂಗಡಿಯ ಮುದುಕರನ್ನು ಬೀದಿಗೆ ತರುವುದು ನಮಗೆ ಇಷ್ಟವಿಲ್ಲ. ಒಂದು ಮಗ್ಗುಲಿಗೆ ಗೊಬ್ಬರದ ಅಂಗಡಿ, ಇನ್ನೊಂದು ಮಗ್ಗುಲಿಗೆ ಮೊಬೈಲ್ ರಿಪೇರಿ, ನಡುವೆ ಕಬ್ಬಿಣದ ಸರಳಿನ ಬಾಗಿಲು. ಒಳಗೆ ಗಾಜಿನ ಕಪಾಟು, ಅದರಲ್ಲಿ ಎರಡು ಕೋವಿ, ಮೇಜಿನ ಮೇಲೆ ದಪ್ಪ ರಿಜಿಸ್ಟರು, ಅದರ ಹಿಂದೆ ಎಪ್ಪತ್ತು ದಾಟಿದ ಸಾಬರು.

ನಾವು ಹೋದದ್ದು ಕೋವಿಗಾಗಿ ಅಲ್ಲ. ನಮ್ಮಪ್ಪ ಅವರಿವರ ತೋಟಕ್ಕೆ ಔಷಧಿ ಹೊಡೆಯುವ ಪಂಪು ಕೆಟ್ಟಿತ್ತು. "ಕೋವಿ ಸಾಬ್ರು ಮಾಡ್ಕೊಡ್ತಾರೆ ಹೋಗು" ಎಂದರು. ಹೋದೆವು.

"ಬಾ ಮಗಾ, ಒಳಗ್ ಬಾ. ಯಾವೂರು? ಯಾರ ಮಗ?"

ಹೇಳಿದೆವು. ಸಾಬರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿಮ್ ತಾತ ಗೊತ್ತು ಕಣಪ್ಪ. ನಮ್ಮಪ್ಪನ ಕಾಲದಾಗೆ ಗೌಡ್ರ ಕೋವಿ ಹೊತ್ಕಂಡು ರಿಪೇರಿಗೆ ಬರೋನು. ಎಷ್ಟ್ ಕರೆದ್ರೂ ಮೆಟ್ಲು ಹತ್ತುತಿರಲಿಲ್ಲ. ಅಲ್ಲೇ, ಆ ಚರಂಡಿ ಕಲ್ಲಿನ್ ಮೇಲೆ ಕೂರೋನು."

ನಾವು ಆ ಕಲ್ಲನ್ನು ನೋಡಿದೆವು. ಈಗಲೂ ಇದೆ.

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಗೆಳೆಯರ ನಡುವೆ ಜಗಳವಾಯಿತು. "ಮುಚ್ಚಿ ಹೋಗ್ಲಿ ಬಿಡ್ರೋ. ಗೌಡ್ರಿಗೆ ಕೋವಿ ಕೊಟ್ಟ ಅಂಗಡಿ ಅದು. ನಾವ್ಯಾಕೆ ಅಳಾದು?" ಎಂದ ಒಬ್ಬ. "ಆ ಮುದುಕ್ರು ಏನ್ ಮಾಡಿದಾರೆ? ಅವ್ರದೂ ಹೊಟ್ಟೆಪಾಡು ಅಲ್ವಾ?" ಎಂದ ಇನ್ನೊಬ್ಬ. ಇಬ್ಬರದೂ ನಿಜ ಅನ್ನಿಸಿತು. ಎರಡು ನಿಜಗಳು ಹೀಗೆ ಎದುರುಬದುರು ನಿಂತಾಗ ಒಂದನ್ನು ಹೊಡೆದುಹಾಕಿ ಮುಂದೆ ಹೋಗುವುದು ಸುಲಭ. ಆದರೆ ಹೋರಾಟಗಾರರು ಅಂತ ಹೇಳಿಕೊಳ್ಳುವ ನಾವು ಆ ಸುಲಭದ ದಾರಿ ಹಿಡಿಯಬಾರದು ಎಂದು ಈ ನಾಲ್ಕು ಮಾತು.

ಮೊದಲು ಅಂಗಡಿಯ ಕಷ್ಟ ಏನೆಂದು ನೋಡೋಣ. ಕೋವಿ ಮಾರುವುದು ಉಪ್ಪು ಬೆಲ್ಲ ಮಾರಿದಂತಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮಾರುವುದಕ್ಕಷ್ಟೇ ಅಲ್ಲ, ರಿಪೇರಿ ಮಾಡುವುದಕ್ಕೂ ಲೈಸೆನ್ಸು ಬೇಕು. ಕೊಳ್ಳುವವನಿಗೂ ಬೇಕು. ಬಂದ ತೋಟೆ, ಹೋದ ತೋಟೆ, ಒಂದೊಂದಕ್ಕೂ ಲೆಕ್ಕ. ರಿಜಿಸ್ಟರಿನಲ್ಲಿ ಒಂದು ಅಂಕಿ ತಪ್ಪಿದರೆ ಮುದುಕರು ಠಾಣೆ ಮೆಟ್ಟಿಲು ಹತ್ತಬೇಕು. 2016ರ ಹೊಸ ನಿಯಮಗಳು ಬಂದಮೇಲೆ ಲೈಸೆನ್ಸು ಕೇಳುವವರು ಕೋವಿ ಹಿಡಿಯುವ ತರಬೇತಿಯ ಸರ್ಟಿಫಿಕೇಟೂ ತರಬೇಕಾಯಿತು. ಒಬ್ಬನಿಗೆ ಮೂರು ಕೋವಿ ಇರಬಹುದಾಗಿದ್ದದ್ದನ್ನು 2019ರ ತಿದ್ದುಪಡಿ ಎರಡಕ್ಕಿಳಿಸಿತು. ಭದ್ರಾ ಅಭಯಾರಣ್ಯದ ಅಂಚಿನ ತರೀಕೆರೆ ಕಡೆಯ ಹಳ್ಳಿಗಳಿಗೆ ಇನ್ನೂ ಒಂದು ಬಿಗಿ ಇದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಅರಣ್ಯ ಇಲಾಖೆಯ ಮುಖ್ಯ ಅಧಿಕಾರಿಯ ಒಪ್ಪಿಗೆಯಿಲ್ಲದೆ ಹೊಸ ಲೈಸೆನ್ಸು ಕೊಡಬಾರದು ಎನ್ನುತ್ತದೆ. ಹಳೇ ಗಿರಾಕಿಗಳು ಸಾಯುತ್ತಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಅವರಿಗೆ ಅಪ್ಪನ ತೋಟ ಬೇಕು, ಕೋವಿಯ ಕಾಗದದ ಅಲೆದಾಟ ಬೇಡ.

"ಎಲೆಕ್ಷನ್ ಬಂದ್ರೆ ಮುಂಚೆ ನಾಕ್ ಕಾಸು ಸಿಗಾದು" ಎಂದರು ಸಾಬರು. ಚುನಾವಣೆ ಬಂತೆಂದರೆ ಕೋವಿಗಳನ್ನು ಒಪ್ಪಿಸಬೇಕೆಂದು ಡಿ.ಸಿ. ಆಫೀಸಿನಿಂದ ಆರ್ಡರು ಬರುತ್ತದೆ. ಠಾಣೆಯಲ್ಲೂ ಇಡಬಹುದು, ಲೈಸೆನ್ಸಿರುವ ಅಂಗಡಿಯಲ್ಲೂ ಇಡಬಹುದು; ಅಂಗಡಿಗೆ ಇಟ್ಟುಕೊಂಡ ಬಾಡಿಗೆ. 2023ರ ಮೇ ತಿಂಗಳ ವಿಧಾನಸಭೆ ಚುನಾವಣೆಗೆ, 2024ರ ಏಪ್ರಿಲ್ ತಿಂಗಳ ಲೋಕಸಭೆ ಚುನಾವಣೆಗೆ ಅವರಲ್ಲಿಗೆ ಬಂದವು ಬೆರಳೆಣಿಕೆ. ಉಳಿದವು ಠಾಣೆಗೆ ಹೋದವು. "ಮಗ ಬೆಂಗಳೂರಾಗೆ ಗಾಡಿ ಓಡಿಸ್ತಾನೆ. ಅಂಗಡಿ ಹೆಸರು ಎತ್ತಿದ್ರೆ ಫೋನ್ ಇಡ್ತಾನೆ" ಎಂದು ನಕ್ಕರು. ಆ ನಗುವಿನಲ್ಲಿ ನಗು ಇರಲಿಲ್ಲ.

ಇದು ಒಂದು ನಿಜ. ಇನ್ನೊಂದು ನಿಜ ಆ ಚರಂಡಿ ಕಲ್ಲಿನ ಮೇಲೆ ಕೂತಿದೆ.

ಕೋವಿ ಯಾರದಾಗಿತ್ತು? ನಮ್ಮ ಈ ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಇಲ್ಲಿನ ಕಾಡಿನಲ್ಲಿ ದೊರೆಗಳು ಬೇಟೆಯಾಡಿದರು. ಬೇಟೆಗಾರ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನಮ್ಮ ಎಮ್ಮೆದೊಡ್ಡಿಯ ನರಭಕ್ಷಕ ಹುಲಿಗೆ ಒಂದು ಅಧ್ಯಾಯವೇ ಇದೆ. ನಮ್ಮ ನಾಡಿನಲ್ಲಿ ಬೇಟೆಯೆಂದರೆ ಕೋವಿ ಹಿಡಿದವರು ಒಬ್ಬರು, ಪೊದೆಗೆ ನುಗ್ಗಿ ಸೋವಿದವರು ಹತ್ತಾರು ಜನ. ಕೋವಿ ಹಿಡಿದವನ ಫೋಟೋ ಗೋಡೆಗೆ ಬಂತು. ಸೋವಿದವನ ಹೆಸರು ಅವನ ಮೊಮ್ಮಗನಿಗೂ ನೆನಪಿಲ್ಲ. ಊರಿನ ಕಾವಲೂ ಹಾಗೇ. ತೋಟಿ, ತಳವಾರ ಎಂಬ ಹುಟ್ಟಿನ ಚಾಕರಿ 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ ಬರುವವರೆಗೆ ಕಾನೂನಿನಲ್ಲೇ ಇತ್ತು. ಇಡೀ ಊರನ್ನು ಕಾಯುವವನ ಕೈಗೆ ಕೊಟ್ಟದ್ದು ಕೋಲು.

ಇವತ್ತೂ ರಾತ್ರಿ ಹೊಲಕ್ಕೆ ಹೋಗಿ ನೋಡಿ. ಮೆಕ್ಕೆಜೋಳ ತೆನೆ ಕಟ್ಟಿದರೆ ಹಂದಿ ಬರುತ್ತದೆ. ಗೌಡರ ಕೋವಿ ಗೋಡೆಯ ಮೇಲಿರುತ್ತದೆ. ನಮ್ಮಪ್ಪ ತಮಟೆ, ಬ್ಯಾಟರಿ ಹಿಡಿದು ಅಟ್ಟಣೆಯ ಮೇಲಿರುತ್ತಾನೆ. ಹಂದಿ ಎಂದು ಮನುಷ್ಯನಿಗೆ ಈಡು ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆಗಳಿಗೆ ಹೊಸದಲ್ಲ. ಕತ್ತಲೆಯಲ್ಲಿ ಹೊಲದಲ್ಲಿರುವ ಮನುಷ್ಯ ಯಾರು? ಜಮೀನಿನ ಯಜಮಾನನಂತೂ ಅಲ್ಲ.

ನಾವು ಡಿಗ್ರಿ ಓದಿದವರಲ್ಲವೇ, ಕಾಯ್ದೆಯ ಪುಸ್ತಕ ತೆಗೆದು ನೋಡಿದೆವು. ನಮ್ಮ ತಾತನಿಗೆ ಅದರಲ್ಲಿ ಒಂದು ಜಾಗ ಸಿಕ್ಕಿತು! ಮೂರನೇ ಕಲಮು, ಲೈಸೆನ್ಸಿಲ್ಲದವನು ಕೋವಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ. ಆದರೆ ಯಜಮಾನನ ಎದುರಿನಲ್ಲಿ, ಇಲ್ಲವೇ ಅವನ ಚೀಟಿ ಇಟ್ಟುಕೊಂಡು, ರಿಪೇರಿಗೆ ಹೊತ್ತುಕೊಂಡು ಹೋಗಬಹುದು ಎಂದೂ ಹೇಳುತ್ತದೆ. ಬರೆದವರ ಮನಸ್ಸಿನಲ್ಲಿ ಜಾತಿ ಇರಲಿಲ್ಲ ಎಂದೇ ಇಟ್ಟುಕೊಳ್ಳೋಣ. ನಮ್ಮೂರಿಗೆ ಬರುವ ಹೊತ್ತಿಗೆ ಅದು ಹೀಗಾಯಿತು: ಗೌಡರಿಗೆ ಹಿಡಿಯುವ ಹಕ್ಕು, ತಾತನಿಗೆ ಹೊರುವ ಹಕ್ಕು.

ಅದೇ ಕಾಯ್ದೆಯ 14ನೇ ಕಲಮು, ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ಯಾರಿಗೂ ಲೈಸೆನ್ಸು ನಿರಾಕರಿಸಬಾರದು ಎನ್ನುತ್ತದೆ. ಕೇಳಲು ಎಷ್ಟು ಚೆಂದ! ಆದರೆ ನಮ್ಮ ಹಳ್ಳಿಗಾಡಿನಲ್ಲಿ ಕೋವಿ ಬೇಡುವುದು ಬೆಳೆ ರಕ್ಷಣೆಯ ಹೆಸರಿನಲ್ಲಿ. ಬೆಳೆ ರಕ್ಷಣೆಗೆ ಬೆಳೆ ಬೇಕು, ಬೆಳೆಗೆ ಜಮೀನು ಬೇಕು. ಜಮೀನಿಲ್ಲದವನು ಏನನ್ನು ರಕ್ಷಿಸಿಕೊಳ್ಳುತ್ತೇನೆಂದು ಅರ್ಜಿ ಬರೆಯಬೇಕು? ಮಾನ ಎಂದು ಬರೆದರೆ ಡಿ.ಸಿ. ಆಫೀಸಿನ ಗುಮಾಸ್ತ ತಗೊಳ್ತಾನೆಯೇ?

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿ ಇರುವವರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಕೊಡವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಹುಟ್ಟು ಮತ್ತು ಭೂಮಿ ಎಂಬ ಎರಡು ಮಾತು ಈ ದೇಶದಲ್ಲಿ ಕೋವಿಯ ಪಕ್ಕದಲ್ಲೇ ಕೂತಿವೆ ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ನಮಗೂ ಕೋವಿ ಬೇಕೆ? ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಲು ಬರುವುದಿಲ್ಲ. ಏಕೆಂದರೆ ಕಾನೂನೇ ಇದನ್ನು ಕೇಳಿದೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯ 1995ರ ನಿಯಮಗಳನ್ನು ನಮ್ಮ ಎಷ್ಟು ಜನ ಕಾರ್ಯಕರ್ತರು ಓದಿದ್ದಾರೆ? ಮೂರನೇ ನಿಯಮ ನೋಡಿ. ದೌರ್ಜನ್ಯ ನಡೆಯಬಹುದಾದ ಜಾಗಗಳನ್ನು ಸರ್ಕಾರ ಮೊದಲೇ ಗುರುತಿಸಬೇಕು. ಅಗತ್ಯ ಕಂಡರೆ ಅಲ್ಲಿನ ದಲಿತೇತರರ ಕೋವಿ ಲೈಸೆನ್ಸು ರದ್ದು ಮಾಡಿ ಆ ಕೋವಿಗಳನ್ನು ಸರ್ಕಾರದ ವಶದಲ್ಲಿಡಬೇಕು. ಅಗತ್ಯ ಕಂಡರೆ ದಲಿತರಿಗೆ, ಆದಿವಾಸಿಗಳಿಗೆ ಪ್ರಾಣ ಮತ್ತು ಆಸ್ತಿ ಕಾಪಾಡಿಕೊಳ್ಳಲು ಲೈಸೆನ್ಸು ಕೊಡಬೇಕು. ಇದು ಯಾವುದೋ ಕರಪತ್ರದ ಮಾತಲ್ಲ, ಭಾರತ ಸರ್ಕಾರದ ನಿಯಮ. ಈ ನಿಯಮವಿದೆ ಎಂದು ಸಾಬರಿಗೆ ಹೇಳಿದೆವು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಈ ಅಂಗಡೀಲಿ ಕೂತು ನಲವತ್ತು ವರ್ಷ ಆತು. ಆ ಕಾಗದ ಹಿಡ್ಕಂಡು ಒಬ್ರೂ ಬಂದಿಲ್ಲ ಮಗಾ."

ಈ ಹಕ್ಕನ್ನು ನಾವು ಬಿಟ್ಟುಕೊಡಬಾರದು. ಹಲ್ಲೆಯಾದ ಹಟ್ಟಿಯವರು ಅರ್ಜಿ ಹಾಕಿದರೆ "ನಿಮಗ್ಯಾಕ್ರೋ ಕೋವಿ?" ಎನ್ನುವ ಅಧಿಕಾರ ಯಾವ ಅಧಿಕಾರಿಗೂ ಇಲ್ಲ. ಆದರೆ ಹಕ್ಕು ಇರುವುದು ಬೇರೆ, ಆ ಹಕ್ಕಿನಲ್ಲೇ ಬಿಡುಗಡೆ ಇದೆ ಎಂದು ನಂಬುವುದು ಬೇರೆ.

1997ರ ಡಿಸೆಂಬರ್ 1ರ ರಾತ್ರಿ ಬಿಹಾರದ ಲಕ್ಷ್ಮಣಪುರ್ ಬಾಥೆಯಲ್ಲಿ ರಣವೀರ ಸೇನೆ ಎಂಬ ಜಮೀನ್ದಾರರ ಪಡೆ 58 ದಲಿತರನ್ನು ಗುಂಡಿಟ್ಟು ಕೊಂದಿತು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟ 26 ಜನರನ್ನೂ 2013ರಲ್ಲಿ ಪಟ್ನಾ ಹೈಕೋರ್ಟು ಬಿಟ್ಟುಬಿಟ್ಟಿತು. ಇನ್ನು ನಮ್ಮದೇ ನಾಡು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಅಲ್ಲಿ ಕೋವಿ ಬೇಕಾಗಲಿಲ್ಲ. ಮನೆ ಬಾಗಿಲಿಗೆ ಹೊರಗಿನ ಚಿಲಕ, ಒಂದಿಷ್ಟು ಎಣ್ಣೆ, ಒಂದು ಬೆಂಕಿಕಡ್ಡಿ ಸಾಕಾಯಿತು. ಅಲ್ಲಿಯೂ ಆರೋಪಿಗಳು ಖುಲಾಸೆಯಾದರು. ಈ ಎರಡು ಊರುಗಳು ನಮಗೆ ಹೇಳುವುದೇನು? ಕೊಲ್ಲುವವನ ಬಲ ಅವನ ಕೈಯ ಆಯುಧದಲ್ಲಷ್ಟೇ ಇಲ್ಲ. ಕೊಂದಮೇಲೂ ಏನೂ ಆಗುವುದಿಲ್ಲ ಎಂಬ ಅವನ ಧೈರ್ಯದಲ್ಲಿದೆ. ಆ ಧೈರ್ಯ ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ. ಅದು ಅವನಿಗೆ ಹುಟ್ಟಿನಿಂದ ಪುಕ್ಕಟೆ ಬಂದದ್ದು. ಮೂವತ್ತು ಮನೆಯ ಹಟ್ಟಿಗೆ ಒಂದು ಕೇಪಿನ ಕೋವಿ ತಂದಿಟ್ಟರೆ ಅವನ ಧೈರ್ಯ ಕಡಿಮೆಯಾಗುತ್ತದೆಯೇ? ಮಾರನೇ ದಿನ ಪೊಲೀಸರ ಜೀಪು ಮೊದಲು ಬರುವುದು ನಮ್ಮ ಹಟ್ಟಿಗೇ.

ಕಾಡಿನ ದಾರಿ ಹಿಡಿದವರೂ ನಮ್ಮ ಜಿಲ್ಲೆಯಲ್ಲಿದ್ದರು. ಎರಡು ದಶಕ ಮಲೆನಾಡಿನಲ್ಲಿ ಗುಂಡಿನ ಸದ್ದು ಕೇಳಿತು. 2025ರ ಜನವರಿಯಲ್ಲಿ ಆರು ಜನ ಶರಣಾಗಿ ಹೊರಗೆ ಬಂದರು. ಅವರ ತ್ಯಾಗವನ್ನು ಹಗುರ ಮಾಡುವವರು ನಾವಲ್ಲ. ಆದರೆ ಗುಂಡು ಎರಡೂ ಕಡೆಯಿಂದ ಹಾರಿದಾಗ ಬಡವರ ಮಕ್ಕಳೇ ಎರಡೂ ಕಡೆ ಬಿದ್ದರು ಎಂಬುದನ್ನು ಹೇಳದಿದ್ದರೆ ಅದೂ ಮೋಸವೇ.

ಬಾಬಾಸಾಹೇಬರು ಬುದ್ಧನ ಅಹಿಂಸೆಯನ್ನು ವಿವರಿಸುವಾಗ ಒಂದು ಗೆರೆ ಎಳೆದರು. ಕೊಲ್ಲಲೇಬೇಕಾದ ಅಗತ್ಯ ಒಂದು, ಕೊಲ್ಲುವ ಇಚ್ಛೆ ಇನ್ನೊಂದು. ಬುದ್ಧ ಬೇಡ ಎಂದದ್ದು ಆ ಇಚ್ಛೆಯನ್ನು. ಈ ಗೆರೆಯನ್ನು ನಮ್ಮ ಕೋವಿ ಅಂಗಡಿಯ ಮುಂದೆ ಎಳೆದು ನೋಡೋಣ. ಬೆಳೆಗೆ ಬಿದ್ದ ಹಂದಿಯ ಮುಂದೆ, ಬಾಗಿಲು ಒಡೆಯುವವನ ಮುಂದೆ ಅಗತ್ಯ ಹುಟ್ಟುತ್ತದೆ, ಆಮೇಲೆ ಮುಗಿಯುತ್ತದೆ. ಆದರೆ ಅಗತ್ಯ ಮುಗಿದಮೇಲೂ ಕೋವಿ ಗೋಡೆಯ ಮೇಲೆ ಉಳಿಯುತ್ತದೆ. ಗೋಡೆಯ ಮೇಲಿನ ಕೋವಿ ಯಾರನ್ನೂ ಕೊಲ್ಲಬೇಕಾಗಿಲ್ಲ. ಬಾಕಿ ಕೂಲಿ ಕೇಳಲು ಹೋದವನ ಕಣ್ಣಿಗೆ ಬಿದ್ದರೆ ಸಾಕು. ಅವನು ಕೇಳಬೇಕಾದ್ದನ್ನು ಅರ್ಧ ಕೇಳಿ ಬರುತ್ತಾನೆ. ನಮ್ಮೂರುಗಳಲ್ಲಿ ಕೋವಿ ಹಾರಿಸಿದ ಗುಂಡಿಗಿಂತ ನುಂಗಿಸಿದ ಮಾತು ಹೆಚ್ಚು. ಅಂಥ ಕೋವಿಯನ್ನು ನಮ್ಮ ಗೋಡೆಗೂ ನೇತುಹಾಕಿದರೆ ಸಮಾನತೆ ಬಂತೆಂದಲ್ಲ. ನಮ್ಮ ಮನೆಯ ಹೆಂಗಸರೂ ಮಕ್ಕಳೂ ಅದರ ಕೆಳಗೆ ಮಾತು ನುಂಗಲು ಕಲಿಯುತ್ತಾರೆ, ಅಷ್ಟೆ.

ಇಲ್ಲಿ ಕವಿಗಳಾದ ನಾವು ಒಂದು ತಪ್ಪು ಒಪ್ಪಿಕೊಳ್ಳಬೇಕು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ಕಾವ್ಯವನ್ನು ಖಡ್ಗಕ್ಕೆ ಹೋಲಿಸಿದ ಘೋಷಣೆ ಬಂತು. ಅದೇ ಘೋಷಣೆಯಲ್ಲಿ ನೋವಿಗೆ ಮಿಡಿಯುವ ಗೆಳೆತನದ ಮಾತೂ ಇತ್ತು. ನಮ್ಮಂಥ ಮರಿಕವಿಗಳು ಖಡ್ಗವನ್ನು ಎತ್ತಿಕೊಂಡೆವು, ಗೆಳೆತನವನ್ನು ಅಲ್ಲೇ ಬಿಟ್ಟೆವು. ನಮ್ಮ ಕವಿತೆಗಳ ತುಂಬಾ ಕೋವಿ, ಗುಂಡು, ಸಿಡಿಮದ್ದು. ಮನೆಯಲ್ಲಿ ಒಂದು ಕೇಪೂ ಇಲ್ಲ! ಕೋವಿಯನ್ನು ಹೊತ್ತ ತಾತನ ಹೆಗಲು ನೋಯುತ್ತಿತ್ತೇ ಎಂದು ಒಂದು ಸಾಲು ಬರೆದಿಲ್ಲ.

ಆದ್ದರಿಂದ ಮೊದಲ ಗೆಳೆಯನ ಮಾತು ನಿಜ. ಕೋವಿಯ ವ್ಯಾಪಾರ ಕ್ಷೀಣಿಸುತ್ತಿದೆ ಎಂದು ನಾವು ಅಳಬೇಕಾಗಿಲ್ಲ. ಆದರೆ ಆ ಮಾತು ಅಲ್ಲಿಗೇ ಮುಗಿದರೆ ನಾವು ನಮ್ಮ ಅಪ್ಪ, ತಾತಂದಿರಿಗೇ ದ್ರೋಹ ಮಾಡಿದಂತೆ. ಏಕೆ ಎಂದು ಹೇಳುತ್ತೇವೆ.

ಬಿಡಬೇಕಾದ ಕಸುಬು ಎಂದರೇನೆಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1927ರ ಮಾರ್ಚಿನಲ್ಲಿ ಮಹಾಡದ ಪರಿಷತ್ತಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದು ನಮ್ಮವರಿಗೆ ಹೇಳಿದರು. ಆಮೇಲೆ ಊರೂರುಗಳಲ್ಲಿ ನಮ್ಮವರು ಸತ್ತ ದನ ಹೊರುವುದನ್ನೇ ಬಿಟ್ಟರು. ಬಿಟ್ಟದ್ದು ಸರಿ, ಬಿಡಲೇಬೇಕಿತ್ತು. ಆದರೆ ಬಿಟ್ಟ ದಿನ ಏನಾಯಿತು? ಊರು ನಮ್ಮನ್ನು ಕೂಲಿಗೆ ಕರೆಯಲಿಲ್ಲ. ಅಂಗಡಿಯವನು ಉಪ್ಪು ಕೊಡಲಿಲ್ಲ. ಚರ್ಮ ಹದ ಮಾಡುವ ಆ ಕೈಗಳಲ್ಲಿ ಎಂಥ ಜಾಣತನ ಇತ್ತು! ಯಾವ ಚರ್ಮ ಮೆಟ್ಟಿಗೆ, ಯಾವುದು ಬಾರುಕೋಲಿಗೆ, ಯಾವುದು ತಮಟೆಗೆ ಎಂದು ಮುಟ್ಟಿ ಹೇಳುತ್ತಿದ್ದರು. ಆ ಜಾಣತನಕ್ಕೆ ಬೇರೆ ಕೆಲಸ ಕೊಡೋಣ ಎಂದು ಯಾರೂ ಯೋಚಿಸಲಿಲ್ಲ. ಚರ್ಮ ಕಾರ್ಖಾನೆಗೆ ಹೋಯಿತು, ಲಾಭ ಕಾರ್ಖಾನೆಯವರಿಗೆ ಹೋಯಿತು, ನಮ್ಮ ತಾತ ಗೌಡರ ಕೋವಿ ಹೊರಲು ಹೋದ. ಮಲ ಹೊರುವ ಪದ್ಧತಿಯ ಮೇಲಿನ 2013ರ ಕಾಯ್ದೆಯ ಹೆಸರಿನಲ್ಲೇ ನಿಷೇಧದ ಜೊತೆಗೆ ಪುನರ್ವಸತಿ ಎಂಬ ಮಾತಿದೆ. ಎಂಬತ್ತಾರು ವರ್ಷ ತಡವಾಗಿಯಾದರೂ ಒಂದು ಕಾಯ್ದೆ ಆ ಮಾತು ಆಡಿತು. ಆಮೇಲೂ ಮ್ಯಾನ್‌ಹೋಲಿಗೆ ಇಳಿದವರು ಸಾಯುತ್ತಲೇ ಇದ್ದಾರೆ.

ಅಂದರೆ ನ್ಯಾಯ ಇಷ್ಟು: ಕಸುಬು ಹೋಗಬೇಕಾದದ್ದಾಗಿರಬಹುದು, ಕಸುಬಿನವನು ಹೋಗಬೇಕಾದವನಲ್ಲ. ಒಂದು ಕಸುಬನ್ನು ನಿಲ್ಲಿಸುವ ಸಮಾಜ, ಆ ಕೈಗೆ ಇನ್ನೊಂದು ಕೆಲಸ ಕೊಡುವ ಸಾಲವನ್ನು ಹೊತ್ತುಕೊಳ್ಳುತ್ತದೆ. ಈ ಸಾಲವನ್ನು ನಮಗೆ ತೀರಿಸಲಿಲ್ಲ ಎಂದು ಸಿಟ್ಟಾಗಿರುವ ನಾವು, ಇನ್ನೊಬ್ಬನ ಸರದಿ ಬಂದಾಗ "ಹೋಗ್ಲಿ ಬಿಡು" ಎನ್ನಬಹುದೇ? ನಮಗೆ ಆದದ್ದು ಅವನಿಗೂ ಆಗಲಿ ಎಂಬುದು ಸಮಾನತೆಯಲ್ಲ, ಅದು ಬರೀ ಸೇಡು.

ಸರ್ಕಾರಕ್ಕೆ ಇದು ಬಾರದ ವಿದ್ಯೆಯೇನೂ ಅಲ್ಲ. ಅಜ್ಜಂಪುರಕ್ಕೆ ಹೋಗಿ ನೋಡಿ, ಅಮೃತ್ ಮಹಲ್ ತಳಿಯ ಕೇಂದ್ರವಿದೆ. ಆ ಹೋರಿಗಳ ಹಿರಿಯರು ಹೈದರ್, ಟಿಪ್ಪುವಿನ ಕಾಲದಲ್ಲಿ ಯುದ್ಧಕ್ಕೆ ಫಿರಂಗಿ ಎಳೆದವು. ಯುದ್ಧ ಮುಗಿಯಿತು, ಫಿರಂಗಿ ತುಕ್ಕು ಹಿಡಿಯಿತು. ಹೋರಿಗಳನ್ನು ಮಾತ್ರ ಸರ್ಕಾರ ಕೈಬಿಡಲಿಲ್ಲ. ಕಾವಲು ಕೊಟ್ಟು, ಡಾಕ್ಟರನ್ನಿಟ್ಟು ಸಾಕುತ್ತಿದೆ. ಸಾಕಲಿ, ನಮಗೂ ಅವುಗಳ ಮೇಲೆ ಪ್ರೀತಿಯಿದೆ. ತರೀಕೆರೆ ತಾಲೂಕಿನ ಎಂ.ಸಿ. ಹಳ್ಳಿಗೆ ಹೋಗಿ ನೋಡಿ. ಭದ್ರಾ ಕಾಡಿನ ಒಳಗಿದ್ದ ಹಳ್ಳಿಗಳ ಜನರನ್ನು 2000ದ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿಗೆ ತಂದು, ಭೂಮಿ ಕೊಟ್ಟು ನೆಲೆ ಮಾಡಿದರು. ಹುಲಿಗೆ ಜಾಗ ಬೇಕಾದಾಗ ಮನುಷ್ಯರಿಗೆ ಭೂಮಿ ಸಿಕ್ಕಿತು! ಮನಸ್ಸು ಮಾಡಿದರೆ ಆಗುತ್ತದೆ ಎಂದಾಯಿತಲ್ಲ? ಫಿರಂಗಿ ಎಳೆದ ಎತ್ತಿಗೆ ಇರುವ ಕಾವಲು, ಕೋವಿ ರಿಪೇರಿ ಮಾಡಿದ ಕೈಗೆ ಯಾಕಿಲ್ಲ? ಚರ್ಮ ಹದ ಮಾಡಿದ ಕೈಗೆ ಯಾಕಿಲ್ಲ?

ಇನ್ನೂ ಒಂದು ಮಾತಿದೆ. ಕೋವಿ ಅಂಗಡಿ ಮಾರುತ್ತಿದ್ದದ್ದು ಬರೀ ಕಬ್ಬಿಣ ಅಲ್ಲ, ಭದ್ರತೆಯನ್ನು. ಅಂಗಡಿ ಮುಚ್ಚಿದರೂ ಭಯ ಮುಚ್ಚುವುದಿಲ್ಲ. ಬೆಳೆಗೆ ಹಂದಿ ಬರುತ್ತದೆ, ತೋಟಕ್ಕೆ ಆನೆ ಬರುತ್ತದೆ, ಹಟ್ಟಿಗೆ ಕಲ್ಲು ಬರುತ್ತದೆ. ಲೈಸೆನ್ಸಿನ ಅಂಗಡಿ ಮುಚ್ಚಿದ ಮಾತ್ರಕ್ಕೆ ಕಳ್ಳಕೋವಿ ನಿಲ್ಲುವುದಿಲ್ಲ; ಅದಕ್ಕೆ ರಿಜಿಸ್ಟರೂ ಇಲ್ಲ, ಲೆಕ್ಕವೂ ಇಲ್ಲ. ಭದ್ರತೆ ಎಂಬುದು ದುಡ್ಡು, ಭೂಮಿ ಇದ್ದವನು ಅಂಗಡಿಯಲ್ಲಿ ಕೊಳ್ಳುವ ಸಾಮಾನಾಗಿರುವವರೆಗೆ ಈ ಗಂಟು ಬಿಚ್ಚುವುದಿಲ್ಲ. ಎರಡು ಗುಂಟೆಯವನ ಬೆಳೆ ಹಂದಿ ತಿಂದರೂ ಪರಿಹಾರ ಅದೇ ವಾರ ಕೈಗೆ ಬರಬೇಕು. ರಾತ್ರಿ ಕಾವಲಿಗೆ ಹೋಗುವ ಕೂಲಿಯವನಿಗೆ ಕೂಲಿಯೂ ವಿಮೆಯೂ ಬೇಕು. ಹಟ್ಟಿಗೆ ಕಲ್ಲು ಬಿದ್ದ ರಾತ್ರಿ ಠಾಣೆಯವರು ಕೇಸು ಬರೆದುಕೊಳ್ಳಬೇಕು, ಮೂರನೇ ನಿಯಮ ಜಾರಿಯಾಗಬೇಕು. ಆಗ ಕೋವಿಯ ಅಗತ್ಯ ತಾನಾಗಿ ಸಣ್ಣದಾಗುತ್ತದೆ. ಅದಾಗದೆ ಅಂಗಡಿ ಮಾತ್ರ ಮುಚ್ಚಿದರೆ ಒಬ್ಬ ಮುದುಕನ ಒಲೆ ಆರುತ್ತದೆ, ಗೋಡೆಯ ಮೇಲಿನ ಕೋವಿ ಅಲ್ಲೇ ಇರುತ್ತದೆ.

ಪಂಪು ಸರಿ ಹೋಯಿತು. ಒಳಗಿನ ಚರ್ಮದ ವಾಷರು ಸವೆದಿತ್ತು. ಸಾಬರು ಡಬ್ಬಿಯಿಂದ ಒಂದು ತುಂಡು ಚರ್ಮ ತೆಗೆದು, ದುಂಡಗೆ ಕತ್ತರಿಸಿ, ಎಣ್ಣೆ ಸವರಿ ಕೂರಿಸಿದರು. ಕೋವಿಯ ಕುದುರೆ ಸರಿ ಮಾಡಿದ ಬೆರಳುಗಳು ಪಂಪಿನ ವಾಷರನ್ನೂ ಅಷ್ಟೇ ನಾಜೂಕಾಗಿ ಹಿಡಿದವು. ಮೂವತ್ತು ರೂಪಾಯಿ ತೆಗೆದುಕೊಂಡರು. ಈ ಕೆಲಸಕ್ಕೆ ಲೈಸೆನ್ಸು ಬೇಡ, ಠಾಣೆಗೆ ಹೋಗುವುದು ಬೇಡ. ಪಂಚಾಯಿತಿಯ ಒಂದು ಮಳಿಗೆ, ಬ್ಯಾಂಕಿನಿಂದ ಒಂದಿಷ್ಟು ಸಾಲ, ಕಲಿಯಲು ಇಬ್ಬರು ಹುಡುಗರು ಸಿಕ್ಕರೆ ಆ ಕೈಗಳಿಗೆ ಇನ್ನೂ ಹತ್ತು ವರ್ಷದ ಕೆಲಸವಿದೆ. ಆ ಇಬ್ಬರು ಹುಡುಗರಲ್ಲಿ ಒಬ್ಬ ನಮ್ಮ ಹಟ್ಟಿಯವನು ಯಾಕಾಗಬಾರದು? ಇದನ್ನು ನಮ್ಮ ಸಂಘಟನೆಯ ಮುಂದಿನ ಸಭೆಯಲ್ಲಿ ಕೇಳುವವರಿದ್ದೇವೆ. ಓದುವ ಮೇಷ್ಟ್ರುಗಳೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಪೇಟೆಯಲ್ಲಿ ಹೀಗೆ ಮುಚ್ಚುತ್ತಿರುವ ಅಂಗಡಿಗಳ ಮೆಟ್ಟಿಲು ಹತ್ತಿ ಕೇಳಿ ನೋಡಲಿ.

ಹೊರಡುವಾಗ ಸಾಬರು, "ನಿಮ್ ತಾತ ಬಂದಿದ್ರೂ ಒಳಗೇ ಕೂರಿಸ್ತಿದ್ದೆ ಮಗಾ" ಎಂದರು. ನಂಬಿದೆವು. ಆದರೂ ಇಳಿಯುವಾಗ ಆ ಕಲ್ಲಿನ ಮೇಲೆ ಒಂದು ಗಳಿಗೆ ಕೂತು, ಪಂಪನ್ನು ಹೆಗಲಿಗೆ ಏರಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದೆವು.